ಶಾನುಭೋಗಿಕೆಯಿಂದ ಸ್ಪರ್ಧಾಪರೀಕ್ಷೆಯವರೆಗೆ

ಅಂತಿಮ ಬಿ.ಎ. ತರಗತಿಗೆ ಬಂದ ನಮ್ಮಂಥವರಲ್ಲಿ ಸರ್ಕಾರಿ ನೌಕರಿಯ ಮಾತೆತ್ತದವರು ವಿರಳ. ಯಾವ ಇಲಾಖೆಯಲ್ಲಿ ಎಷ್ಟು ಜಾಗ ಖಾಲಿ, ಅರ್ಜಿಗೆ ಕಡೆಯ ದಿನ ಯಾವುದು, ವಯೋಮಿತಿ ಎಷ್ಟು ಎಂಬ ವಿಚಾರಗಳು ವಿದ್ಯಾರ್ಥಿನಿಲಯದ ಊಟದ ಸಾಲಿನಲ್ಲಿಯೇ ಇತ್ಯರ್ಥವಾಗುತ್ತವೆ. ಆದರೆ ಸರ್ಕಾರವು ತನ್ನ ನೌಕರರನ್ನು ಹೀಗೆ ಬರೆಸಿ, ಅಂಕ ಹಾಕಿ, ಸಾಲಾಗಿ ನಿಲ್ಲಿಸಿ ಆರಿಸುವ ಪದ್ಧತಿ ಎಂದಿನಿಂದ ಬಂತು, ಅದಕ್ಕೆ ಮುಂಚೆ ಹೇಗೆ ಆರಿಸುತ್ತಿದ್ದರು ಎಂದು ವಿಚಾರಿಸುವವರು ಕಡಮೆ. ಚರಿತ್ರೆಯ ವಿದ್ಯಾರ್ಥಿಯಾದ ನನಗೆ ಈ ಪ್ರಶ್ನೆ ಹಿಡಿದುದು ನಮ್ಮ ಊರಿನ ಕಾರಣದಿಂದ. ಜಗಳೂರು ತಾಲ್ಲೂಕಿನ ಸೊಕ್ಕೆ ಒಂದು ಹೋಬಳಿಯ ಸ್ಥಳ. ಮಳೆ ನಂಬಿದ ಸೀಮೆ. ಮಳೆ ನಮ್ಮನ್ನು ನಂಬಿದಂತೆ ಕಾಣುವುದಿಲ್ಲ. ಹೊಲ ಕೈಕೊಟ್ಟ ವರ್ಷ ತಿಂಗಳ ಸಂಬಳವಿರುವ ಒಂದು ಮನೆಗೂ ಇಲ್ಲದ ಒಂದು ಮನೆಗೂ ಇರುವ ಅಂತರ ಏನೆಂಬುದನ್ನು ಅಲ್ಲಿ ಯಾರೂ ಪುಸ್ತಕ ಓದಿ ಕಲಿಯಬೇಕಾಗಿಲ್ಲ.

ಹಳೆಯ ಮೈಸೂರು ಸೀಮೆಯ ಎಲ್ಲ ಗ್ರಾಮಗಳಂತೆ ನಮ್ಮ ಕಡೆಯಲ್ಲಿಯೂ ಜನ ಕಣ್ಣಾರೆ ಕಂಡ ಸರ್ಕಾರವೆಂದರೆ ಪಟೇಲರು ಮತ್ತು ಶಾನುಭೋಗರು. ಕಂದಾಯ ವಸೂಲಿಯೂ ಊರಿನ ಶಾಂತಿಪಾಲನೆಯೂ ಪಟೇಲರದು; ಲೆಕ್ಕಪತ್ರವೆಲ್ಲ ಶಾನುಭೋಗರದು. ಅವರ ಕೈಕೆಳಗೆ ತಳವಾರ, ತೋಟಿ, ಕೆರೆಯಿದ್ದಲ್ಲಿ ನೀರಗಂಟಿ. ಇವರಲ್ಲಿ ಯಾರನ್ನೂ ಯಾರೂ ಆರಿಸಲಿಲ್ಲ. ತಂದೆಯ ತರುವಾಯ ಮಗ. ಪಡೆಯುತ್ತಿದ್ದುದು ಪೋಟಗಿಯ ಹಣ, ಕೆಲವೆಡೆ ಇನಾಂ ಜಮೀನು. ಯಾವ ಹೊಲದ ಬದು ಎಲ್ಲಿಗೆ ಮುಗಿಯುತ್ತದೆ, ಯಾರ ಪಾಲು ಯಾರಿಗೆ ಹೋಯಿತು ಎಂಬ ತಿಳಿವಳಿಕೆ ಶಾನುಭೋಗರ ಮನೆಯಲ್ಲಿ ತಲೆಯಿಂದ ತಲೆಗೆ ಇಳಿಯುತ್ತಿತ್ತು. ದಫ್ತರವೂ ಅವರ ಮನೆಯಲ್ಲಿಯೇ ಇರುತ್ತಿತ್ತು. ಇದರಲ್ಲಿ ಗುಣವೂ ಉಂಟು. ಊರಿನ ಮಣ್ಣನ್ನು ಅಷ್ಟು ಬಲ್ಲವನು ಯಾವ ಪರೀಕ್ಷೆಯಿಂದಲೂ ಸಿಗಲಾರ. ದೋಷವೇನೆಂದರೆ, ಆ ದಫ್ತರದಲ್ಲಿ ಏನು ಬರೆದಿದೆಯೆಂದು ಓದಿ ಪ್ರಶ್ನಿಸಬಲ್ಲವರು ಊರಿನಲ್ಲಿ ಇನ್ನೊಬ್ಬರು ಇರುತ್ತಿರಲಿಲ್ಲ. ಈ ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ಮೈಸೂರು ಸರ್ಕಾರ ೧೯೬೧ರ ಕಾಯಿದೆಯ ಮೂಲಕ ರದ್ದುಗೊಳಿಸಿತು. ೧೯೬೩ರ ಫೆಬ್ರವರಿ ೧ರಿಂದ ಕಾಯಿದೆ ಜಾರಿಗೆ ಬಂತು. ಅಂದರೆ ರಾಜಧಾನಿಯಲ್ಲಿ ಸ್ಪರ್ಧಾಪರೀಕ್ಷೆ ಬಂದು ಎಪ್ಪತ್ತು ವರ್ಷವಾದ ಮೇಲೂ ಹಳ್ಳಿಯ ಮಟ್ಟದಲ್ಲಿ ಹುಟ್ಟೇ ಅರ್ಹತೆಯಾಗಿತ್ತು. ಇದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಚೆನ್ನಾಗಿ ಅರ್ಥವಾಗುತ್ತದೆ.

ಅಧಿಕಾರಿಗಳನ್ನು ಪರೀಕ್ಷಿಸಬೇಕೆಂಬ ಭಾವನೆ ನಮ್ಮ ದೇಶಕ್ಕೆ ಹೊಸದೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಮಾತ್ಯರನ್ನು ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ವಿಧದ ಗುಪ್ತ ಪರೀಕ್ಷೆಗಳಿಗೆ ಒಡ್ಡಬೇಕೆಂದು ಹೇಳಿದೆ. ಅವನು ಅಳೆಯಬಯಸಿದುದು ಪಾಂಡಿತ್ಯವನ್ನಲ್ಲ, ಆಮಿಷದೆದುರು ಮನುಷ್ಯ ಎಷ್ಟು ಹೊತ್ತು ನಿಲ್ಲುತ್ತಾನೆಂಬುದನ್ನು. ಇಂದಿನ ಯಾವ ಪ್ರಶ್ನಪತ್ರಿಕೆಯೂ ಇದನ್ನು ಅಳೆಯುವ ಗೋಜಿಗೆ ಹೋಗಿಲ್ಲ. ಬರೆಹದ ಪರೀಕ್ಷೆಯಿಂದ ಅಧಿಕಾರಿಗಳನ್ನು ಆರಿಸುವ ಪದ್ಧತಿಯನ್ನು ಸಾವಿರಕ್ಕೂ ಹೆಚ್ಚು ವರ್ಷ ನಡೆಸಿಕೊಂಡು ಬಂದ ದೇಶ ಚೀನಾ. ಅಲ್ಲಿ ಅದು ನಿಂತುದು ೧೯೦೫ರಲ್ಲಿ.

ನಮಗೆ ಈ ಪದ್ಧತಿ ಬಂದುದು ಇಂಗ್ಲೆಂಡಿನ ದಾರಿಯಿಂದ. ಈಸ್ಟ್ ಇಂಡಿಯಾ ಕಂಪೆನಿಯ ಕಾಲದಲ್ಲಿ ನಿರ್ದೇಶಕರು ತಮ್ಮ ನಂಟರಿಷ್ಟರ ಮಕ್ಕಳನ್ನು ಹೆಸರಿಸುತ್ತಿದ್ದರು. ಹಾಗೆ ಹೆಸರು ಪಡೆದ ಹುಡುಗರು ೧೮೦೬ರಲ್ಲಿ ಆರಂಭವಾದ ಹೈಲೀಬರಿ ಕಾಲೇಜಿನಲ್ಲಿ ಓದಿ ಹಡಗು ಹತ್ತುತ್ತಿದ್ದರು. ೧೮೫೪ರಲ್ಲಿ ಮೆಕಾಲೆಯ ಸಮಿತಿ ಈ ಶಿಫಾರಸಿನ ಪದ್ಧತಿಯನ್ನು ಕಿತ್ತುಹಾಕಿ ಬಹಿರಂಗ ಸ್ಪರ್ಧೆಯನ್ನು ಸೂಚಿಸಿತು. ೧೮೫೫ರಲ್ಲಿ ಲಂಡನ್ನಿನಲ್ಲಿ ಮೊದಲ ಪರೀಕ್ಷೆ ನಡೆಯಿತು. ಕಾಗದದ ಮೇಲೆ ಅದು ಭಾರತೀಯರಿಗೂ ತೆರೆದಿತ್ತು. ಆದರೆ ಬರೆಯಬೇಕಾದರೆ ಕಡಲು ದಾಟಬೇಕು. ಸಂಸ್ಕೃತಕ್ಕಿಂತ ಗ್ರೀಕ್ ಭಾಷೆಗೆ ಹೆಚ್ಚು ಅಂಕ. ೧೮೭೦ರ ದಶಕ ಮುಗಿಯುವ ಹೊತ್ತಿಗೆ ವಯೋಮಿತಿಯನ್ನು ೧೯ಕ್ಕೆ ಇಳಿಸಲಾಯಿತು. ಸತ್ಯೇಂದ್ರನಾಥ ಠಾಕೂರರು ೧೮೬೩ರಲ್ಲಿ ತೇರ್ಗಡೆಯಾಗಿ ಆ ಸೇವೆಯ ಮೊದಲ ಭಾರತೀಯರಾದರು. ಆ ಪರೀಕ್ಷೆಯನ್ನು ನಮ್ಮ ನೆಲದ ಮೇಲೆಯೇ ಬರೆಯುವ ಅವಕಾಶ ದೊರೆತುದು ೧೯೨೨ರಲ್ಲಿ, ಅಲಹಾಬಾದಿನಲ್ಲಿ. ಬಾಗಿಲು ತೆರೆದಿದೆ ಎನ್ನುವುದು ಒಂದು ಮಾತು, ಬಾಗಿಲಿನವರೆಗೆ ಹೋಗಲು ದಾರಿ ಇದೆ ಎನ್ನುವುದು ಇನ್ನೊಂದು. ಸರ್ಕಾರಿ ಆಯ್ಕೆಯ ಚರಿತ್ರೆಯೆಲ್ಲ ಈ ಎರಡರ ನಡುವಿನ ಜಗ್ಗಾಟವೆಂದು ನನಗೆ ತೋರುತ್ತದೆ. ನಮ್ಮ ಮೈಸೂರು ಸಂಸ್ಥಾನದಲ್ಲಿ ಅದು ಸ್ಪಷ್ಟವಾಗಿ ಕಾಣುವಷ್ಟು ಬೇರೆಲ್ಲಿಯೂ ಕಾಣದು.

೧೮೩೧ರಿಂದ ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದ ಮೈಸೂರು ೧೮೮೧ರಲ್ಲಿ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿತು. ಆ ಕಾಲದ ಮೇಲ್ಮಟ್ಟದ ಅಧಿಕಾರಿಗಳಲ್ಲಿ ಅನೇಕರು ಮದರಾಸು ಪ್ರಾಂತದಿಂದ ಬಂದವರು. ದಿವಾನ್ ರಂಗಾಚಾರ್ಲು ಅವರೂ, ಅವರ ತರುವಾಯದ ದಿವಾನ್ ಶೇಷಾದ್ರಿ ಅಯ್ಯರ್ ಅವರೂ ಆ ಕಡೆಯವರೇ. ಇಂಗ್ಲಿಷ್ ವಿದ್ಯಾಭ್ಯಾಸ ಅಲ್ಲಿ ಮೊದಲು ಹರಡಿದ್ದುದೇ ಇದಕ್ಕೆ ಮುಖ್ಯ ಕಾರಣ. ನಮ್ಮ ಸಂಸ್ಥಾನದ ಹುದ್ದೆಗಳು ನಮ್ಮವರಿಗೇ ಇರಲಿ ಎಂಬ ಕೂಗು ಸಹಜವಾಗಿ ಎದ್ದಿತು. ೧೮೯೧ರಲ್ಲಿ, ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯಲ್ಲಿಯೇ, ಮೈಸೂರು ಸಿವಿಲ್ ಸರ್ವಿಸ್ ಸ್ಪರ್ಧಾಪರೀಕ್ಷೆ ಸ್ಥಾಪಿತವಾಯಿತು. ಗೆದ್ದವರು ಅಸಿಸ್ಟೆಂಟ್ ಕಮಿಷನರ್ ಹುದ್ದೆಯಿಂದ ಆರಂಭಿಸಿ ಮೇಲೇರಬಹುದಾಗಿತ್ತು.

ಅದೇ ೧೮೯೧ರಲ್ಲಿ ಹುಟ್ಟಿದ ಒಬ್ಬರು ಮುಂದೆ ಈ ಪರೀಕ್ಷೆಯನ್ನು ಗೆದ್ದು ಸೇವೆಗೆ ಸೇರಿದರು. ಅವರೇ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ಮದರಾಸಿನಲ್ಲಿ ಎಂ.ಎ. ಮುಗಿಸಿದ ಅವರು ೧೯೧೪ರ ಸುಮಾರಿನಲ್ಲಿ ಅಧಿಕಾರಿಯಾಗಿ, ಸಂಸ್ಥಾನದ ಊರೂರು ಸುತ್ತಿ, ಜನರ ಕಷ್ಟಸುಖ ಕೇಳಿ, ಎಕ್ಸೈಜ್ ಕಮಿಷನರ್ ಹುದ್ದೆಯವರೆಗೆ ಏರಿದರು. ಅವರ ಸಣ್ಣ ಕಥೆಗಳಲ್ಲಿ ಕಾಣುವ ಅಷ್ಟೊಂದು ಬಗೆಯ ಜನರ ಪರಿಚಯದಲ್ಲಿ ಈ ಸುತ್ತಾಟದ ಪಾಲೂ ಇದ್ದೀತು. ಆದರೆ ತಮಗಿಂತ ಕಿರಿಯರೊಬ್ಬರನ್ನು ಮಂತ್ರಿಪದವಿಗೆ ಏರಿಸಿದಾಗ ೧೯೪೩ರಲ್ಲಿ ಅವರು ನೌಕರಿಯನ್ನೇ ಬಿಟ್ಟು ಹೊರಬಂದರು. ಕನ್ನಡ ಸಾಹಿತ್ಯಕ್ಕೆ ಇದರಿಂದ ಲಾಭವೇ ಆಯಿತು. ಪರೀಕ್ಷೆ ಮನುಷ್ಯನನ್ನು ಒಳಗೆ ಬಿಡುತ್ತದೆ. ಒಳಗಿನ ಮೆಟ್ಟಿಲುಗಳ ಮೇಲೆ ಅದರ ಅಧಿಕಾರ ನಡೆಯುವುದಿಲ್ಲ.

ಇನ್ನು ೧೯೧೮ರ ವಿಚಾರ. ಇದು ಈ ಚರಿತ್ರೆಯ ನಡುಗಂಬ. ಪರೀಕ್ಷೆ ಬಂದು ಕಾಲು ಶತಮಾನ ಕಳೆದಿತ್ತು. ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರಷ್ಟಿದ್ದ ಬ್ರಾಹ್ಮಣರು ಗೆಜೆಟೆಡ್ ಹುದ್ದೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಹೊಂದಿದ್ದರು. ಇದನ್ನು ಯಾರೋ ಸಂಚು ಹೂಡಿ ಮಾಡಿದರೆನ್ನುವುದು ಸರಿಯಲ್ಲ. ಶಾಲೆಗೆ ಮೊದಲು ಹೋದವರು ಪರೀಕ್ಷೆಯಲ್ಲಿ ಮೊದಲು ಗೆದ್ದರು. ಆದರೆ ಶಾಲೆಯ ಮುಖವನ್ನೇ ಕಾಣದ ಒಕ್ಕಲು ಮಕ್ಕಳಿಗೆ, ಊರ ಹೊರಗಿನ ಕೇರಿಯ ಮಕ್ಕಳಿಗೆ ಬಹಿರಂಗ ಸ್ಪರ್ಧೆ ಎಂಬ ಮಾತಿನ ಅರ್ಥವೇನು? ೧೯೧೭ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿಕೊಂಡ ಒಕ್ಕಲಿಗ, ಲಿಂಗಾಯತ, ಮುಸಲ್ಮಾನ ಮುಖಂಡರು ಮರುವರ್ಷ ಮಹಾರಾಜರ ಬಳಿ ನಿಯೋಗ ಹೋದರು. ನಾಲ್ವಡಿ ಕೃಷ್ಣರಾಜ ಒಡೆಯರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು.

ದಿವಾನ್ ವಿಶ್ವೇಶ್ವರಯ್ಯನವರು ಇದನ್ನು ಒಪ್ಪಲಿಲ್ಲ. ವಿದ್ಯಾಭ್ಯಾಸವನ್ನು ಎಲ್ಲ ಜಾತಿಗಳಿಗೂ ಮುಟ್ಟಿಸೋಣ, ವಿದ್ಯಾರ್ಥಿವೇತನ ಕೊಡೋಣ. ನೇಮಕದಲ್ಲಿ ಮಾತ್ರ ಯೋಗ್ಯತೆಯೊಂದೇ ಅಳತೆಯಾಗಿರಲಿ, ಇಲ್ಲವಾದರೆ ಆಡಳಿತದ ದಕ್ಷತೆ ಕೆಡುತ್ತದೆ ಎಂಬುದು ಅವರ ನಿಲುವು. ಆ ವರ್ಷದ ಕೊನೆಗೆ ಅವರು ದಿವಾನಗಿರಿಯನ್ನು ಬಿಟ್ಟರು. ಕನ್ನಂಬಾಡಿ ಕಟ್ಟಿದ ಮಹನೀಯರ ಮಾತನ್ನು ಲಘುವಾಗಿ ತೆಗೆದುಹಾಕಲು ನನ್ನಂಥವನಿಗೆ ಧೈರ್ಯವಿಲ್ಲ. ಆದರೂ ಒಂದು ಮಾತು ಕೇಳಬೇಕೆನಿಸುತ್ತದೆ: ಮೊದಲು ಶಾಲೆ, ಆಮೇಲೆ ನೌಕರಿ ಎಂದರೆ, ಶಾಲೆ ಎಲ್ಲಿ ತೆರೆಯಬೇಕೆಂದು ನಿರ್ಧರಿಸುವ ಕಚೇರಿಯಲ್ಲಿ ಯಾರು ಕುಳಿತಿರುತ್ತಾರೆ? ಕಚೇರಿಯಲ್ಲಿ ತಮ್ಮವರಿಲ್ಲದ ಊರಿಗೆ ಶಾಲೆಯೂ ತಡವಾಗಿಯೇ ಬರುತ್ತದೆ. ನನಗೆ ಮಿಲ್ಲರ್ ಸಮಿತಿಯ ದಾರಿಯೇ ಹೆಚ್ಚು ಸರಿಯೆಂದು ಕಾಣುತ್ತದೆ. ಏಕೆಂದರೆ ಅದು ಎರಡನ್ನೂ ಒಟ್ಟಿಗೆ ಹೇಳಿತು. ೧೯೧೯ರ ಅದರ ವರದಿ, ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡಕ್ಕೆ ಕಡಮೆಯಿಲ್ಲದಷ್ಟು ಬ್ರಾಹ್ಮಣೇತರರಿಗೆ ದೊರೆಯಬೇಕೆಂದಿತು. ಜೊತೆಗೆ ವಿದ್ಯಾರ್ಥಿವೇತನಗಳನ್ನೂ ವಿದ್ಯಾರ್ಥಿನಿಲಯಗಳನ್ನೂ ಹೆಚ್ಚಿಸಬೇಕೆಂದಿತು. ೧೯೨೧ರಲ್ಲಿ ಸರ್ಕಾರ ಇದನ್ನು ಅಂಗೀಕರಿಸಿ ಆಜ್ಞೆ ಹೊರಡಿಸಿತು. ಸ್ವತಂತ್ರ ಭಾರತದ ಸಂವಿಧಾನಕ್ಕಿಂತ ಸುಮಾರು ಮೂವತ್ತು ವರ್ಷ ಹಿಂದಿನ ಮಾತಿದು.

ಈಗ ಸೊಕ್ಕೆಗೆ ಬರುತ್ತೇನೆ. ನಮ್ಮ ತಾಲ್ಲೂಕು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯ ಬಡಗಣ ಅಂಚು. ಅಲ್ಲಿಂದಾಚೆ ಕೂಡ್ಲಿಗಿ, ಹರಪನಹಳ್ಳಿಯ ಸೀಮೆ; ಅದು ಬಳ್ಳಾರಿ ಜಿಲ್ಲೆಗೆ ಸೇರಿ ಮದರಾಸು ಪ್ರಾಂತದ ಆಳ್ವಿಕೆಯಲ್ಲಿತ್ತು. ಭಾಷೆ ಒಂದೇ, ಜೋಳ ಒಂದೇ, ಬೀಗತನ ಎರಡೂ ಕಡೆಗೆ. ಆದರೆ ನೌಕರಿಯ ದಾರಿ ಬೇರೆ ಬೇರೆ. ಗಡಿಯ ಈಚೆಯ ಹುಡುಗ ಬೆಂಗಳೂರಿನತ್ತ ಮುಖ ಮಾಡಿದರೆ, ಆಚೆಯವನು ಮದರಾಸಿನತ್ತ ನೋಡಬೇಕು. ಆ ರಾಜಧಾನಿಯಲ್ಲಿ ಅವನ ಕನ್ನಡ ಅಲ್ಪಸಂಖ್ಯಾತರ ಮಾತು. ಮದರಾಸಿನಲ್ಲಿಯೂ ೧೯೨೧ರಿಂದಲೇ ಜಾತಿವಾರು ಹಂಚಿಕೆಯ ಆಜ್ಞೆಗಳು ಹೊರಟಿದ್ದವು. ೧೯೨೯ರಲ್ಲಿ ಅಲ್ಲಿ ಸರ್ವೀಸ್ ಕಮಿಷನ್ ಸ್ಥಾಪನೆಯಾಯಿತು. ದೇಶದ ಪ್ರಾಂತಗಳಲ್ಲಿ ಅಂಥದು ಅದೇ ಮೊದಲು. ನಮ್ಮ ಮೈಸೂರಿನಲ್ಲಿ ಕಮಿಷನರೊಬ್ಬರ ಕೈಕೆಳಗೆ ಕೇಂದ್ರ ನೇಮಕಾತಿ ಮಂಡಳಿ ಏರ್ಪಟ್ಟುದು ೧೯೪೦ರಲ್ಲಿ. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿ ಈ ಗಡಿ ಅಳಿಯಿತು. ಹಾಗೆಂದು ಎಲ್ಲರೂ ತಿಳಿದರು.

ಅಳಿದ ಗೆರೆ ಅರವತ್ತು ವರ್ಷದ ಮೇಲೆ ಮತ್ತೆ ಮೂಡಿತು. ಹೈದರಾಬಾದ್ ಕರ್ನಾಟಕದ ಹಿಂದುಳಿದಿರುವಿಕೆಯನ್ನು ಗಮನಿಸಿ ಸಂವಿಧಾನಕ್ಕೆ ೩೭೧ಜೆ ವಿಧಿಯನ್ನು ಸೇರಿಸಲಾಯಿತು; ೨೦೧೩ರಲ್ಲಿ ಸರ್ಕಾರದ ಆದೇಶ ಬಂತು. ಅದರಂತೆ ಆ ಪ್ರದೇಶದ ಕಚೇರಿಗಳಲ್ಲಿ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ನೂರಕ್ಕೆ ೭೫, ಸಿ ಗುಂಪಿನಲ್ಲಿ ೮೦, ಡಿ ಗುಂಪಿನಲ್ಲಿ ೮೫ ಅಲ್ಲಿನವರಿಗೆ ಮೀಸಲು. ರಾಜ್ಯಮಟ್ಟದ ಕಚೇರಿಗಳಲ್ಲಿ ನೂರಕ್ಕೆ ೮. ಬಳ್ಳಾರಿ ಜಿಲ್ಲೆ ಇದರೊಳಗೆ ಸೇರಿದುದರಿಂದ ಕೂಡ್ಲಿಗಿ ಸೇರಿತು. ಹರಪನಹಳ್ಳಿಯ ಗತಿ ವಿಚಿತ್ರ. ೧೯೯೭ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಅದನ್ನು ಬಳ್ಳಾರಿಯಿಂದ ತೆಗೆದು ಇತ್ತ ಸೇರಿಸಿದ್ದರು. ಆ ಕಾರಣದಿಂದ ೩೭೧ಜೆ ಕೈತಪ್ಪಿತು. ಜನ ಬಹುಕಾಲ ಹೋರಾಡಿ ೨೦೧೮ರಲ್ಲಿ ತಮ್ಮ ತಾಲ್ಲೂಕನ್ನು ಮರಳಿ ಬಳ್ಳಾರಿಗೆ ಸೇರಿಸಿಕೊಂಡರು. ಈಗ ಅದು ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆ ಯಾವುದೆಂಬುದು ಕಂದಾಯದ ಲೆಕ್ಕಕ್ಕೆ ಮಾತ್ರ ಸಂಬಂಧಿಸಿದ್ದೆಂದು ನಾವು ಭೂಗೋಳದಲ್ಲಿ ಓದಿದ್ದೇವೆ. ಅಲ್ಲಿಯ ಹುಡುಗರು ಅದನ್ನು ಬೇರೆ ರೀತಿ ಓದಿಕೊಂಡರು.

ಜಗಳೂರು ತಾಲ್ಲೂಕು ಎಂದೂ ಬಳ್ಳಾರಿಯದಲ್ಲ. ಆದ್ದರಿಂದ ನಾವು ಹೊರಗೆ. ನನ್ನ ಸೋದರಮಾವನ ಮಗ ಆಚೆಯವನು. ನಾವಿಬ್ಬರೂ ಒಂದೇ ಪುಸ್ತಕ ಹಂಚಿಕೊಂಡು ಓದುತ್ತೇವೆ, ಒಂದೇ ಪರೀಕ್ಷೆಗೆ ಕೂರುತ್ತೇವೆ, ನಮ್ಮ ಹೆಸರುಗಳು ಮಾತ್ರ ಎರಡು ಪಟ್ಟಿಗಳಲ್ಲಿ ಬೀಳುತ್ತವೆ. ಇದನ್ನು ನಾನು ಅನ್ಯಾಯವೆಂದು ದೂರುತ್ತಿಲ್ಲ. ಬೀದರ, ರಾಯಚೂರಿನ ಜನ ನಿಜಾಮನ ಆಳ್ವಿಕೆಯಲ್ಲಿ ಉರ್ದು ಬಾರದೆ ಸರ್ಕಾರದ ಬಾಗಿಲಿನಲ್ಲಿ ನಿಂತವರು. ಅವರಿಗೆ ಸಲ್ಲಬೇಕಾದುದು ತಡವಾಗಿ ಸಂದಿದೆ. ಆದರೆ ಮಳೆ ಬಾರದ ವರ್ಷ ಗಡಿಯ ಆಚೆ ಈಚೆ ನೋಡಿ ನಿಲ್ಲುವುದಿಲ್ಲ ಎಂಬುದನ್ನು ಹೇಳದಿರಲಾರೆ. ಒಂದು ಅನುಕೂಲ ನಮಗೂ ಉಂಟು: ರಾಜ್ಯದ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ನೂರಕ್ಕೆ ೨೫, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ ೫ ಮೀಸಲಿದೆ. ೧೮೫೫ರ ಲಂಡನ್ನಿನ ಗ್ರೀಕ್ ಪತ್ರಿಕೆಯನ್ನು ನೆನೆದರೆ ಇದು ದೂರದ ಪಯಣವೇ ಸರಿ.

ಮಹಿಳೆಯರ ವಿಷಯವನ್ನೂ ಎರಡು ಮಾತಿನಲ್ಲಿ ಹೇಳಬೇಕು. ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮನವರು ೧೯೪೯ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಅವರಿಂದ ಬರೆಸಿಕೊಂಡಿದ್ದರು. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. ೧೯೭೯ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಇಂಥ ನಿಯಮಗಳನ್ನು ತೀಕ್ಷ್ಣವಾಗಿ ಖಂಡಿಸಿದರು. ಪರೀಕ್ಷೆಯಲ್ಲಿ ಸಮಾನಳಾದವಳು ಸೇವೆಯಲ್ಲಿ ಸಮಾನಳಾಗಲು ಮೂವತ್ತು ವರ್ಷ ಹಿಡಿಯಿತು.

ಇಂದಿನ ಲೋಕಸೇವಾ ಆಯೋಗ ೧೯೫೧ರ ಮೇ ೧೮ರಂದು ಮೈಸೂರು ಪಬ್ಲಿಕ್ ಸರ್ವಿಸ್ ಕಮಿಷನ್ ಎಂಬ ಹೆಸರಿನಿಂದ ಆರಂಭವಾಯಿತು. ಸಂವಿಧಾನ ಅದಕ್ಕೆ ಗಟ್ಟಿ ಬೇಲಿ ಹಾಕಿದೆ. ಸದಸ್ಯರ ಅವಧಿ ಆರು ವರ್ಷ ಅಥವಾ ಅರವತ್ತೆರಡು ವಯಸ್ಸು, ಯಾವುದು ಮೊದಲೋ ಅದು. ದುರ್ನಡತೆಗಾಗಿ ತೆಗೆಯಬೇಕಾದರೆ ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ವಿಚಾರಣೆಗೆ ಒಪ್ಪಿಸಿಯೇ ತೆಗೆಯಬೇಕು. ಮಂತ್ರಿಯ ಶಿಫಾರಸು ಒಳಗೆ ನುಸುಳಬಾರದೆಂಬುದು ಇದರ ಉದ್ದೇಶ. ಮೀಸಲಾತಿಯ ಪ್ರಮಾಣದ ಬಗ್ಗೆ ಮುಂದೆ ನಡೆದ ಬಾಲಾಜಿ ಮೊಕದ್ದಮೆ, ಹಾವನೂರ್ ಆಯೋಗ ಮೊದಲಾದವು ಪ್ರತ್ಯೇಕ ಲೇಖನಕ್ಕೆ ಯೋಗ್ಯವಾದವು. ಇಲ್ಲಿ ಹೆಸರಿಸಿ ಬಿಡುತ್ತೇನೆ.

ಬೇಲಿ ಗಟ್ಟಿಯಾದರೂ ಬೆಳೆ ಉಳಿಯಿತೆ? ೨೦೧೧ರ ಗೆಜೆಟೆಡ್ ಪ್ರೊಬೇಷನರ್ ನೇಮಕಾತಿಯನ್ನು ನೋಡಬೇಕು. ೩೬೨ ಹುದ್ದೆಗಳು, ಸಂದರ್ಶನದ ಅಂಕಗಳ ಬಗ್ಗೆ ಆರೋಪ ಬಂದು ಸಿ.ಐ.ಡಿ. ತನಿಖೆ ನಡೆದು ೨೦೧೪ರಲ್ಲಿ ಸರ್ಕಾರ ಇಡೀ ಪಟ್ಟಿಯನ್ನು ಹಿಂತೆಗೆದುಕೊಂಡಿತು. ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ವಾದ ನಡೆದ ಮೇಲೆ ೨೦೨೨ರಲ್ಲಿ ವಿಧಾನಮಂಡಲವೇ ಕಾಯಿದೆ ಮಾಡಿ ಆ ಆಯ್ಕೆಯನ್ನು ಊರ್ಜಿತಗೊಳಿಸಿತು. ಹನ್ನೊಂದು ವರ್ಷ! ಪ್ರಾಮಾಣಿಕವಾಗಿ ಓದಿ ಆಯ್ಕೆಯಾದವನೂ ಈ ಹನ್ನೊಂದು ವರ್ಷ ಕಳ್ಳನ ಸಾಲಿನಲ್ಲಿಯೇ ನಿಂತಿದ್ದ. ಪೊಲೀಸ್ ಸಬ್ ಇನ್‌ಸ್ಪೆಕ್ಟರರ ೫೪೫ ಹುದ್ದೆಗಳಿಗೆ ೨೦೨೧ರಲ್ಲಿ ನಡೆದ ಪರೀಕ್ಷೆಯಲ್ಲಿ ಉತ್ತರಪತ್ರಿಕೆಗಳನ್ನೇ ತಿದ್ದಿದ ಅಕ್ರಮ ಹೊರಬಿದ್ದು, ೨೦೨೪ರ ಜನವರಿಯಲ್ಲಿ ಮರುಪರೀಕ್ಷೆಯಾಯಿತು. ಸಂದರ್ಶನದ ಅಂಕಗಳನ್ನು ಈಚೆಗೆ ಬಹಳವಾಗಿ ಇಳಿಸಿರುವುದು ಒಳ್ಳೆಯ ಕೆಲಸ; ಮೊದಲು ಅದಕ್ಕೆ ೨೦೦ ಅಂಕವಿತ್ತು.

ನಮ್ಮಂಥ ಕನ್ನಡ ಮಾಧ್ಯಮದವರಿಗೆ ಹೆಚ್ಚು ಮುಟ್ಟಿದುದು ಇನ್ನೊಂದು. ೨೦೨೪ರ ಆಗಸ್ಟ್ ೨೭ರಂದು ೩೮೪ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಯಿತು. ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ರಚಿಸಿ ಕನ್ನಡಕ್ಕೆ ತಂದಾಗ ಅರ್ಥವೇ ತಿರುಗುಮುರುಗಾಗಿತ್ತು. ಗದ್ದಲವೆದ್ದು ಡಿಸೆಂಬರ್ ೨೯ರಂದು ಮತ್ತೆ ಪರೀಕ್ಷೆ ನಡೆಸಿದರು. ಅಲ್ಲಿಯೂ ಅನುವಾದದ ದೋಷಗಳ ದೂರು ತಪ್ಪಲಿಲ್ಲ. ಕನ್ನಡ ನಾಡಿನ ಆಡಳಿತಕ್ಕೆ ಜನರನ್ನು ಆರಿಸುವ ಪತ್ರಿಕೆಯಲ್ಲಿ ಕನ್ನಡವೇ ಅನುವಾದದ ಭಾಷೆಯಾಗಿರುವುದು ಏಕೆ? ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿಯೇ ಯೋಚಿಸಿ ಬರೆಯುವ ಅಧ್ಯಾಪಕರು ನಮ್ಮ ನಾಡಿನಲ್ಲಿ ಇಲ್ಲವೆ? ಈ ಸಂಚಿಕೆಯನ್ನು ಓದುತ್ತಿರುವ ನಮ್ಮ ಗುರುಗಳನ್ನೇ ಕೇಳುತ್ತೇನೆ.

ಶಾನುಭೋಗರ ಹುದ್ದೆ ಏನಾಯಿತೆಂಬುದನ್ನು ಹೇಳುವುದು ಉಳಿಯಿತು. ೧೯೬೩ರ ಬಳಿಕ ಅವರ ಸ್ಥಾನಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ಅಮಲ್ದಾರರು ತಹಶೀಲ್ದಾರರಾದರು, ಹೋಬಳಿಯ ಶೇಕ್‌ದಾರರು ರೆವಿನ್ಯೂ ಇನ್‌ಸ್ಪೆಕ್ಟರಾದರು. ಗ್ರಾಮಲೆಕ್ಕಿಗರನ್ನು ಬಹುಕಾಲ ಪಿ.ಯು.ಸಿ. ಅಂಕಗಳ ಮೇಲೆ ಜಿಲ್ಲೆಯಲ್ಲಿಯೇ ಆರಿಸುತ್ತಿದ್ದರು. ಈಗ ಅವರ ಹೆಸರು ಗ್ರಾಮ ಆಡಳಿತಾಧಿಕಾರಿ. ೨೦೨೪ರಲ್ಲಿ ೧೦೦೦ ಹುದ್ದೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ರಾಜ್ಯದಾದ್ಯಂತ ಸ್ಪರ್ಧಾಪರೀಕ್ಷೆ ನಡೆಸಿತು. ಕಡ್ಡಾಯ ಕನ್ನಡ ಪತ್ರಿಕೆಯಲ್ಲಿ ಮೊದಲು ತೇರ್ಗಡೆಯಾಗಬೇಕು, ವಿದ್ಯಾರ್ಹತೆ ಪಿ.ಯು.ಸಿ. ಸಾಕು. ಅಸಿಸ್ಟೆಂಟ್ ಕಮಿಷನರ್ ಹುದ್ದೆಗೆ ೧೮೯೧ರಲ್ಲಿ ಬಂದ ಸ್ಪರ್ಧೆ, ಹಳ್ಳಿಯ ಪಹಣಿ ಬರೆಯುವವನ ತನಕ ಇಳಿಯಲು ನೂರಮೂವತ್ತಮೂರು ವರ್ಷ ತೆಗೆದುಕೊಂಡಿತು. ಹುದ್ದೆಗಳನ್ನು ಜಿಲ್ಲಾವಾರು ಹಂಚಿರುತ್ತಾರೆ. ಅರ್ಜಿ ಹಾಕಬಯಸುವ ನಮ್ಮ ತಾಲ್ಲೂಕಿನ ಗೆಳೆಯರು ಗ್ರಾಮೀಣ ಅಭ್ಯರ್ಥಿಯ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳನ್ನು ತಾವು ಓದಿದ ಶಾಲೆಗಳಿಂದ ಈಗಲೇ ಬರೆಸಿಟ್ಟುಕೊಳ್ಳುವುದು ಒಳ್ಳೆಯದು. ಮುಖ್ಯೋಪಾಧ್ಯಾಯರು ವರ್ಗವಾಗಿ ಹೋದ ಮೇಲೆ ಹಳೆಯ ದಾಖಲಾತಿ ಪುಸ್ತಕ ಹುಡುಕಿಸುವುದಕ್ಕೇ ತಿಂಗಳು ಹಿಡಿಯುತ್ತದೆ.